ಡಿಲೀಟ್ ಒತ್ತದ ಬೆರಳು

"ನಾಲ್ಕು ಟಿಬಿ ಡಿಸ್ಕ್ ಅಂತ ಹೇಳಿ ಎರಡೇ ಕೊಟ್ಟಿದೀರಲ್ಲ, ಇದು ಯಾವ ನ್ಯಾಯ?"

ಲುಕಿತೊ ಮಲಾಂಗ್ ಊರಿನ ವೆನಿಂಗ್‌ಳ ಕಂಪ್ಯೂಟರ್ ಅಂಗಡಿಗೆ ಬಂದದ್ದೇ ಹೀಗೆ, ಜಗಳ ತೆಗೆದುಕೊಂಡು. ಕಂಪ್ಯೂಟರನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದ, ಮುಖ ಕೆಂಪೇರಿತ್ತು. ಆದರೆ ವೆನಿಂಗ್ ಜಗಳಕ್ಕೆ ಬಗ್ಗುವ ಹೆಣ್ಣಲ್ಲ, ಆರು ವರ್ಷದಿಂದ ಒಬ್ಬಳೇ ಅಂಗಡಿ ನಡೆಸಿದವಳು. ಪರದೆ ನೋಡಿದವಳೇ ತುಟಿ ಕಚ್ಚಿ ನಗು ತಡೆದಳು. ಮದುವೆಗಳ ಫೋಟೋ ತೆಗೆಯುವ ಈ ಮಹಾಶಯ ಅವಳ ಅಂಗಡಿಯಿಂದ ತರಿಸಿಕೊಂಡಿದ್ದ ಹೊಸ ಹಾರ್ಡ್ ಡಿಸ್ಕನ್ನು ತಾನೇ ಹಳೆಯ ಪದ್ಧತಿಯಲ್ಲಿ ಭಾಗ ಮಾಡಿಕೊಂಡಿದ್ದ. ಆ ಪದ್ಧತಿಗೆ ಎರಡು ಟಿಬಿಯಿಂದಾಚೆ ಕಣ್ಣೇ ಕಾಣದು. ಉಳಿದರ್ಧ ಸುಮ್ಮನೆ ಬಿದ್ದಿತ್ತು.

"ಡಿಸ್ಕ್ ಸರಿಯಾಗೇ ಇದೆ ಮಾಸ್. ಭಾಗ ಮಾಡಿದವರದ್ದೇ ತಪ್ಪು."

ಗಂಡಸರನ್ನು ಮಾಸ್, ಹೆಂಗಸರನ್ನು ಮ್ಬಾಕ್ ಎಂದು ಕರೆಯುವುದು ಆ ಊರಿನ ಮರ್ಯಾದೆ. ಅವನು ಕಿವಿಯವರೆಗೂ ಕೆಂಪಾದ. ಸುಳ್ಳೇಕೆ ಹೇಳಬೇಕು, ಅವಳಿಗೆ ಅವತ್ತೇ ಅವನು ಹಿಡಿಸಿಬಿಟ್ಟ.

ಇರುವ ಭಾಗಗಳನ್ನೆಲ್ಲ ಅಳಿಸಿ, ಹೊಸದಾಗಿ ಹಂಚಿ, ಆಮೇಲೆ ವಿಂಡೋಸ್ ಹಾಕಬೇಕು, ಬೇಕಾದ್ದನ್ನು ಬೇರೆಡೆ ಕಾಪಿ ಮಾಡಿಕೊಂಡು ಬನ್ನಿ ಎಂದು ಕಳಿಸಿದಳು. ಅಷ್ಟಕ್ಕೆ ಎಷ್ಟು ಸಲ ಅಂಗಡಿಗೆ ಬರಬೇಕು? ಅವನು ಮೂರು ಸಲ ಬಂದ. ಒಮ್ಮೆ ಕೇಬಲ್ ಯಾವುದೆಂದು ಕೇಳಲು. ಇನ್ನೊಮ್ಮೆ 'ಸಿ'ಗೆಷ್ಟು, 'ಡಿ'ಗೆಷ್ಟು ಎಂದು ಕೇಳಲು. ಆ ಊರಲ್ಲಿ ಸಿ, ಡಿ ಎಂದು ಎರಡು ಮಾಡದಿದ್ದರೆ ಅದನ್ನು ಕಂಪ್ಯೂಟರ್ ಎಂದೇ ಯಾರೂ ಒಪ್ಪುವುದಿಲ್ಲ: ವಿಂಡೋಸ್ ಇರುವ ಸಿ ಕೆಟ್ಟರೂ ಡಿಯಲ್ಲಿಟ್ಟದ್ದು ಉಳಿಯಬೇಕು. ಮೂರನೆಯ ಸಲ ಕರಿದ ಬಾಳೆಹಣ್ಣಿನ ಪೊಟ್ಟಣ ತಂದು, ಏನೂ ಕೇಳದೆ ಕೂತು ಎದ್ದು ಹೋದ. ಅವಳು ಸ್ಕ್ರೂ ತಿರುಗಿಸುವುದನ್ನೇ ನೋಡುವುದು, ಅವಳು ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರ್ ಓದುವುದು. ಅದೋ ಹೋದ ವರ್ಷದ ಕ್ಯಾಲೆಂಡರ್.

ಗುರುವಾರ ಮಧ್ಯಾಹ್ನ ಕೊನೆಗೂ ಕೆಲಸಕ್ಕೆ ಕೂತರು. ವೆನಿಂಗ್‌ಳದು ಒಂದು ಕಟ್ಟುನಿಟ್ಟಿತ್ತು. ಡಿಸ್ಕ್ ಯಾರದೋ ಅವರೇ ಪಕ್ಕದಲ್ಲಿ ಕೂತು ಡಿಲೀಟ್ ಒತ್ತಬೇಕು. ಹಿಂದೊಮ್ಮೆ ಯಾರದೋ ಮಗನ ಸುನ್ನತಿಯ ವಿಡಿಯೋ ಅಳಿಸಿ, ಮೂರು ತಲೆಮಾರಿನವರಿಂದ ಬೈಸಿಕೊಂಡ ಮೇಲೆ ಮಾಡಿಕೊಂಡ ನಿಯಮ ಅದು.

ಪರದೆಯ ಮೇಲೆ ಎರಡು ಭಾಗಗಳಿದ್ದವು. 'ಕೆಲಸ' ಎಂಬುದನ್ನು ಲುಕಿತೊ ಟಪ್ಪನೆ ಅಳಿಸಿದ. ಎರಡನೆಯದರ ಹೆಸರು 'ಸೆಕಾರ್', ಹೆಣ್ಣಿನ ಹೆಸರು. ಅಲ್ಲಿಗೆ ಬಂದ ಬೆರಳು ನಿಂತುಬಿಟ್ಟಿತು. ಇದನ್ನೂ ಕಾಪಿ ಮಾಡಿಕೊಂಡಿದ್ದೀರಾ ಎಂದು ಅವಳು ಕೇಳಿದಳು. ಇಲ್ಲ, ಇದೊಂದನ್ನು ಮಾಡಿಕೊಂಡಿಲ್ಲ ಎಂದ.

ವೆನಿಂಗ್ ಆಗಲೇ ಅವನಿಗೆ ಮನಸ್ಸು ಕೊಟ್ಟಾಗಿತ್ತು. ಅವನ ಮನಸ್ಸು ಇನ್ನೊಬ್ಬಳ ಹತ್ತಿರವಿದ್ದರೆ ಅದು ಇವತ್ತೇ ಗೊತ್ತಾಗಲಿ, ಒಳಗೊಳಗೇ ಕೊರಗುವ ಜಾಯಮಾನ ತನ್ನದಲ್ಲ ಎಂದುಕೊಂಡಳು.

"ಯಾರು ಮಾಸ್ ಈ ಸೆಕಾರ್?"

ನಾಲ್ಕು ವರ್ಷ ಪ್ರೀತಿಸಿದವಳು ಎಂದ. ಹೋದ ವರ್ಷ ಸುರಬಾಯಾದ ಒಬ್ಬನನ್ನು ಮದುವೆಯಾದಳು. ಫೋಟೋ ತೆಗೆಯಲು ಇವನನ್ನೇ ಕರೆದಳು, ಇವನೂ ಹೋಗಿ ತೆಗೆದ. ಹಳೆಯ ಡಿಸ್ಕಿನಿಂದ ಇಲ್ಲಿಗೆ ತಂದಿಟ್ಟದ್ದು ಆ ಮದುವೆಯ ಎರಡು ಸಾವಿರ ಫೋಟೋ. ಆಲ್ಬಮ್ ಯಾವತ್ತೋ ತಲುಪಿಸಿಯಾಗಿದೆ.

ವೆನಿಂಗ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಳಿಸೋಕೆ ಮನಸ್ಸು ಬರ್ತಿಲ್ಲ ಅಲ್ವಾ? ನೇರ ಹೇಳಿ. ಬೇಕಿದ್ರೆ ನನ್ನ ಡಿಸ್ಕಿಗೆ ಹಾಕಿ ಉಳಿಸಿಕೊಡ್ತೀನಿ."

"ಅವಳ ಯೋಚನೆ ಅಲ್ಲ ಮ್ಬಾಕ್." ಅವನು ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಇದೊಂದು ಒತ್ತಿದ್ರೆ ಕೆಲಸ ಮುಗೀತು. ನಾಳೆಯಿಂದ ಏನು ನೆಪ ಹೇಳ್ಕೊಂಡು ಬರ್ಲಿ ಇಲ್ಲಿಗೆ? ಅದಕ್ಕೇ ಕೈ ಬರ್ತಿಲ್ಲ."

ಅವಳು ಕೀಬೋರ್ಡನ್ನು ಅವನ ಕಡೆ ಸರಿಸಿದಳು.

"ಒತ್ತಿ," ಎಂದಳು.

ಒತ್ತಿದ. ಇಡೀ ಡಿಸ್ಕ್ ಒಂದೇ ಖಾಲಿ ಜಾಗವಾಗಿ ತೆರೆದುಕೊಂಡಿತು. ಅವಳು ಸಿಗೆ ಸ್ವಲ್ಪ, ಡಿಗೆ ಉಳಿದದ್ದೆಲ್ಲ ಎಂದು ಬರೆದು, ವಿಂಡೋಸ್ ಶುರು ಮಾಡಿ, ಕುರ್ಚಿ ಅವನ ಕಡೆ ತಿರುಗಿಸಿದಳು. ಶನಿವಾರ ಸಂಜೆ ಹುಡುಗನೊಬ್ಬ ಹುಡುಗಿಯ ಮನೆಗೆ ಬಂದ ಎಂದರೆ, ಯಾಕೆಂದು ಆ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

"ಶನಿವಾರ ಸಂಜೆ ನಮ್ಮನೆಗೆ ಬನ್ನಿ ಮಾಸ್. ಅಮ್ಮನಿಗೆ ಮೊಟ್ಟೆ ಮಾರ್ತಾಬಾಕ್ ಅಂದ್ರೆ ಪ್ರಾಣ, ತನ್ನಿ. ಯಾಕೆ ಬಂದ್ರಿ ಅಂತ ಅವರು ಕೇಳೇ ಕೇಳ್ತಾರೆ. ನಿಜ ಹೇಳಿ."

"ನಿಜ ಹೇಳಿದ್ರೆ ಓಡಿಸ್ತಾರೇನೋ."

"ನಿಮ್ಮ ಮಗಳು ಅಂದ್ರೆ ನಂಗಿಷ್ಟ ಅಂತ ನೀವು ಹೇಳಿ. ನಂಗೂ ಅಷ್ಟೇ ಇಷ್ಟ ಅಂತ ನಾನು ಹೇಳ್ತೀನಿ. ಇಬ್ಬರನ್ನೂ ಹೇಗೆ ಓಡಿಸ್ತಾರೆ?"