ತಿದಿ ಒತ್ತುವವನ ಹೆಸರು

2024ರ ನವೆಂಬರ್ 14, ಗುರುವಾರ ಬೆಳಿಗ್ಗೆ 9.20. ಧಾರವಾಡದ ಠಾಣೆಗೆ ಉದಯಕುಮಾರ ಬಂದರು. ಸಣ್ಣದೊಂದು ಪ್ರಾರ್ಥನಾಲಯದಲ್ಲಿ 1874ರ ಕೊಳವೆ ಆರ್ಗನ್ ನುಡಿಸುವವರು.

“ಹನ್ನೊಂದು ಕೊಳವಿ ಕಳುವಾಗ್ಯಾವ್ರಿ ಮೇಡಮ್. ರವಿವಾರ ಆರ್ಗನ್ನಿನ ನೂರೈವತ್ತನೇ ವರ್ಷದ ಆರಾಧನಿ. ಅವಿಲ್ಲದ ಒಂದು ಹಾಡೂ ಪೂರಾ ಆಗೂದಿಲ್ಲ.”

ಇನ್‌ಸ್ಪೆಕ್ಟರ್ ಯಶೋಧರಾ ಎಫ್‌ಐಆರ್ ದಾಖಲಿಸಿ, 10.45ಕ್ಕೆ ಸ್ಥಳ ಪಂಚನಾಮೆಗೆ ಹೋದರು. ಬೀಗ ಒಡೆದಿರಲಿಲ್ಲ. ಎದುರಿನ ಎತ್ತರದ ಕೊಳವೆಗಳು ಹಾಗೇ ನಿಂತಿದ್ದವು. ಹಿಂಬದಿಯ ಗೇಣುದ್ದದವು ಮಾತ್ರ ಇರಲಿಲ್ಲ.

“ಎಂಥಾ ಕಳ್ಳರೀ ಇವ?” ಎಂದ ಕಾನ್‌ಸ್ಟೆಬಲ್ ಫಕೀರೇಶ. “ದೊಡ್ಡವು ಗುಜರಿಗೆ ಹಾಕಿದ್ರ ತೂಕರೆ ಬರ್ತಿತ್ತು.”

ಒಳಗೆ ಬಂದುಹೋಗುವವರ ಯಾದಿಯನ್ನು ಉದಯಕುಮಾರ ಬರೆದುಕೊಟ್ಟರು. ಏಳು ಹೆಸರು. ಶುಕ್ರವಾರ ಮಧ್ಯಾಹ್ನದೊಳಗೆ ಏಳೂ ಜನರ ವಿಚಾರಣೆ ಮುಗಿಯಿತು. ಏನೂ ಸಿಗಲಿಲ್ಲ.

ಯಶೋಧರಾ ಮತ್ತೆ ಹೋಗಿ ಆರ್ಗನ್ನಿನ ಹಿಂದೆ ನಿಂತರು. ಇಕ್ಕಟ್ಟಿನಲ್ಲಿ ಒಂದು ಮಣೆ. ಗೋಡೆಯ ಗಿಲಾವು ಯಾರದೋ ಬೆನ್ನು ತಾಗಿ ತಾಗಿ ಕಪ್ಪಗೆ ಹೊಳೆಯುತ್ತಿತ್ತು.

“ಇಲ್ಲಿ ಯಾರು ಕುಂದ್ರತಿದ್ರು?”

ಉದಯಕುಮಾರ ಬಗ್ಗಿ ಮಣೆಯನ್ನು ನೋಡಿದರು. “ಗಂಗಪ್ಪ ರೀ. ಆರ್ಗನ್ನಿಗೆ ಗಾಳಿ ಬೇಕಲ್ರಿ, ತಿದಿ ಒತ್ತತಿದ್ದ. ಮೂವತ್ತೆಂಟು ವರ್ಷ. ಹೋದ ವರ್ಷ ಮೋಟರ್ ಹಾಕಿಸಿದ್ವಿ.”

“ಯಾದ್ಯಾಗ ಯಾಕ ಬರಿಲಿಲ್ಲ?”

“ನೆನಪಾಗಲಿಲ್ರಿ.”

“ಕೀಲಿ?”

“ಅವನ ಕಡೆ ಒಂದಿತ್ತು. ವಾಪಸ್ ಕೇಳೇ ಇಲ್ಲ.”

ಸಂಜೆ 4.10. ಅಮ್ಮಿನಬಾವಿ, ಗಂಗಪ್ಪನ ಊರು. ಜೀಪ್ ಕಂಡ ಗಂಗಪ್ಪ ಕಟ್ಟೆಯಿಂದ ಎದ್ದ. “ಬರ್ರಿ ಬಾಯಾರ. ತಡಾ ಮಾಡಿದ್ರಿ.”

ಟ್ರಂಕಿನಲ್ಲಿ ಹನ್ನೊಂದೂ ಇದ್ದವು. ಒಂದೊಂದಕ್ಕೂ ಹಳೆಯ ಧೋತರದ ಚೂರು ಸುತ್ತಿತ್ತು. ಒಂದೂ ನೆಗ್ಗಿರಲಿಲ್ಲ. ಜಪ್ತಿ ಪಂಚನಾಮೆಗೆ ಕ್ರಮಸಂಖ್ಯೆ ಬೇಕಿತ್ತು. ಕೊಳವೆಗಳ ಮೇಲೆ ಗುರುತಿರಲಿಲ್ಲ. ಗಂಗಪ್ಪ ಒಂದೊಂದನ್ನೇ ತುಟಿಗೆ ಹಿಡಿದು ಮೆಲ್ಲಗೆ ಊದಿ, ಸಾಲಾಗಿ ಇಟ್ಟ.

ಗುರುತಿಸಲು ಬಂದಿದ್ದ ಉದಯಕುಮಾರ ಬೆರಗಾದರು. “ನಿನಗ ಸ್ವರ ಗೊತ್ತಾಗ್ತಾವೇನೋ?”

“ಮೂವತ್ತೆಂಟು ವರ್ಷ ಕಿವಿ ಮುಚಗೊಂಡು ಕುಂತಿದ್ನೇನ್ರಿ?”

“ಯಾಕ ತಗೊಂಡಿ?” ಎಂದರು ಯಶೋಧರಾ.

“ಆರ್ಗನ್ ಸುಮ್ಮನಾತಂದ್ರ ಯಾರರೆ ಹಿಂದ ಬಂದು ನೋಡ್ತಾರ ಅನಕೊಂಡೆ, ಬಾಯಾರ.”

5.30ಕ್ಕೆ ಬಂಧನ. ಶನಿವಾರ ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತು, ಕೊಳವೆಗಳನ್ನು ಉದಯಕುಮಾರರ ಸುಪರ್ದಿಗೆ ಒಪ್ಪಿಸಿತು.

ರವಿವಾರ ಬೆಳಿಗ್ಗೆ 9ಕ್ಕೆ ಆರ್ಗನ್ ನುಡಿಯಿತು. ಕಿಟಕಿಯ ಗಾಜುಗಳು ನಡುಗಿದವು. ಕೂತಿದ್ದವರೆಲ್ಲ ತಾವಾಗಿಯೇ ಎದ್ದು ನಿಂತು ಹಾಡಿದರು. ಬಾಗಿಲ ಬಳಿ ಫಕೀರೇಶ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಮೇಡಮ್, ಮೋಟರಿನ ಸಪ್ಪಳನಽ ಇಲ್ಲಲ್ರಿ?”

ಯಶೋಧರಾ ತುಟಿಯ ಮೇಲೆ ಬೆರಳಿಟ್ಟರು. ಆರ್ಗನ್ನಿನ ಹಿಂದೆ ಒಂದು ಹೆಗಲು ಏರುತ್ತಿತ್ತು, ಇಳಿಯುತ್ತಿತ್ತು.