ನಿಂದೊಂದೇ ನೀಲಿ ಸಾಲು

"ಆ ಸ್ಕೇಲ್ ತೆಗೀರಿ! ಸ್ಕ್ರೀನ್ ಮೇಲೆ ಗೀರು ಬೀಳುತ್ತೆ!"

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ವರದಿ ಓದುತ್ತಿದ್ದ ಅವಳು ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ನಿಂತಿದ್ದವನು ಆಸ್ಪತ್ರೆಯ ವೆಬ್ ಪುಟಗಳನ್ನು ನೋಡಿಕೊಳ್ಳಲು ಹೊಸದಾಗಿ ಬಂದ ಇಂಜಿನಿಯರ್. ಅಬ್ಬಾ, ಏನು ಕಣ್ಣು! ಆದರೆ ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ಬೀಳ್ಲಿ ಬಿಡಿ! ನೂರು ಸಾಲು, ಎಲ್ಲಾ ಬಿಳಿ ಬಿಳಿ. ಸ್ಕೇಲ್ ಇಡದೆ ಓದಿದ್ರೆ ಒಬ್ಬರ ರಿಪೋರ್ಟನ್ನ ಇನ್ನೊಬ್ಬರ ತಲೆಗೆ ಕಟ್ತೀನಿ. ಆಮೇಲೆ ನೀವು ಬಂದು ಜವಾಬು ಹೇಳ್ತೀರಾ?"

ಅವನು ಅವಳ ತಿಳಿನೀಲಿ ಸ್ಕೇಲನ್ನು ಎತ್ತಿಕೊಂಡು ಹೊರಟೇಬಿಟ್ಟ.

ಎಂಥಾ ಜಂಬ! ಎರಡು ದಿನ ಅವಳು ಲಕೋಟೆಯ ಅಂಚು ಹಿಡಿದು ವರದಿ ಓದಿದಳು.

ಮೂರನೇ ದಿನ ಕಂಪ್ಯೂಟರ್ ತೆರೆದರೆ ಲ್ಯಾಬಿನ ಡ್ಯೂಟಿ ಪಟ್ಟಿ. ಮೂರೇ ಹೆಸರು. ಮೇಲೆ ಹಿರಿಯರದು ಬಿಳಿ, ಕೆಳಗೆ ಹೊಸ ಹುಡುಗಿಯದು ಬಿಳಿ, ನಡುವೆ ಅವಳದು... ತಿಳಿನೀಲಿ!

"ನಿಂದೊಂದೇ ನೀಲಿ ಕಣೇ!" ನರ್ಸ್ ಅಕ್ಕ ಪಕ್ಕೆಗೆ ತಿವಿದಳು. "ಬಾಯಿಬಿಟ್ಟು ಹೇಳೋಕೆ ಧೈರ್ಯ ಇಲ್ಲ ಪಾಪ ಆ ಇಂಜಿನಿಯರ್‌ಗೆ!"

ಇಡೀ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಬೀರುವೆಲ್ಲ ಹುಡುಕಿ ನೀಲಿ ಬಟ್ಟೆಯನ್ನೇ ತೊಟ್ಟು ಬಂದಳು. ಪಟ್ಟಿ ತೆರೆದಳು.

ಅವಳ ಸಾಲು ಬಿಳಿ. ನೀಲಿ ಈಗ ಹೊಸ ಹುಡುಗಿಯದು!

ನೇರ ಅವನ ಕೋಣೆಗೆ ನುಗ್ಗಿದಳು.

"ನಿನ್ನೆ ನಾನು, ಇವತ್ತು ಅವಳಾ? ದಿನಕ್ಕೊಬ್ರಾ ನಿಮಗೆ?"

ಅವನು ಕಣ್ಣು ಕಣ್ಣು ಬಿಟ್ಟ. "ಏನಂದ್ರಿ?... ಓ, ಬಣ್ಣಾನಾ! ಅದು ಯಾರ ಹೆಸರಿಗೂ ಹಾಕಿದ್ದಲ್ಲ. ಒಂದು ಸಾಲು ಬಿಳಿ, ಒಂದು ನೀಲಿ, ಅಷ್ಟೇ. ಇವತ್ತು ನಿಮ್ಮ ಹಿರಿಯರು ರಜೆ. ನೀವು ಒಂದು ಸಾಲು ಮೇಲೆ ಬಂದ್ರಿ, ಬಿಳಿ ಆಯ್ತು."

ಅಯ್ಯೋ, ಭೂಮಿ ಬಾಯಿ ಬಿಡಬಾರದೇ! ಎಂಥಾ ಹುಚ್ಚಿ ನಾನು... ಮುಖ ಕೆಂಪಾಗಿ ಅವಳು ಬಾಗಿಲತ್ತ ತಿರುಗಿದಳು.

"ಒಂದ್ನಿಮಿಷ! ಮೊದಲು ಚಿಕ್ಕ ಪಟ್ಟಿಲಿ ಹಾಕಿ ನೋಡ್ದೆ. ಈಗ ಇದನ್ನ ನೋಡಿ..."

ಪರದೆಯ ತುಂಬ ರಕ್ತದ ವರದಿಗಳ ನೂರು ಸಾಲು. ಒಂದು ಬಿಳಿ, ಒಂದು ತಿಳಿನೀಲಿ. ಇನ್ನು ಕಣ್ಣು ಜಾರುವ ಮಾತೇ ಇಲ್ಲ!

ಅವನು ಡ್ರಾಯರಿನಿಂದ ಅವಳ ಸ್ಕೇಲ್ ತೆಗೆದು ಪರದೆಗೆ ಹಿಡಿದ. ಅದೇ ನೀಲಿ!

"ಈ ಬಣ್ಣ ಹೊಂದಿಸೋಕೆ ಎರಡು ದಿನ ಕೂತೆ. ಸಾಲು ಯಾರದ್ದಾದ್ರೂ ಆಗ್ಲಿ... ನೀಲಿ ಮಾತ್ರ ನಿಮ್ದೇ."

ಅವಳ ಕಣ್ಣು ತುಂಬಿ ಬಂತು. "ಸ್ಕೇಲ್ ಯಾಕೆ ವಾಪಸ್ ಕೊಡ್ಲಿಲ್ಲ?"

"ಮನಸ್ಸು ಬರ್ಲಿಲ್ಲ... ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ ನಂಗೆ."

"ಹಾಗಾದ್ರೆ ನೀವೇ ಇಟ್ಕೊಳ್ಳಿ."

"ಸ್ಕೇಲನ್ನಾ?"

"ಸ್ಕೇಲನ್ನೂ..." ಎಂದಳು ಅವಳು.