ಲಿಬ್ಬಿ ಬರೆದ ಒಂದು ಸಾಲು

"ನಾನು ಕ್ಯಾಚ್ ಬಿಟ್ಟಾಗ ಮಾತ್ರ ನಿಮ್ಮ ಪೆನ್ನು ಓಡುತ್ತಲ್ಲ, ಯಾಕೆ?"

ಲಿಬ್ಬಿ ತಲೆಯೆತ್ತಿದಳು. ಮೈದಾನದ ಬೇಲಿಯ ಆಚೆ ಎತ್ತರದ ಆಟಗಾರನೊಬ್ಬ ನಿಂತಿದ್ದ. ಅಂಗಿಯ ಎದೆಯೆಲ್ಲ ಮಣ್ಣು. ಕಣ್ಣಲ್ಲಿ ಸಿಟ್ಟು.

"ಹಿಡಿದಾಗಲೂ ಬರೀತೀನಿ. ಅದಕ್ಕೆ ಒಂದು ಗೆರೆ ಸಾಕು. ಬಿಟ್ಟಿದ್ದು ಯಾಕೆ ಅಂತ ಬರೆಯೋಕೆ ಸ್ವಲ್ಪ ಹೊತ್ತು ಬೇಕು."

"ಈಗ ಯಾಕೆ ಅಂತ ಬರೆದ್ರಿ?"

"ಬಿಸಿಲು ಕಣ್ಣಿಗೆ ಹೊಡೀತು ಅಂತ."

ಅವನ ಸಿಟ್ಟು ಎಲ್ಲಿ ಇಳಿದುಹೋಯಿತೋ.

"ಕೋಚ್‌ಗೆ ಅದೇ ಹೇಳಿದೆ. ನಂಬಲಿಲ್ಲ."

"ನಾನು ನಂಬ್ತೀನಿ. ನಾನೂ ಅದೇ ಬಿಸಿಲಲ್ಲಿ ತಾನೆ ಕೂತಿರೋದು?"

ಅವನು ನಕ್ಕ. ಆ ನಗುವಿನಿಂದ ಲಿಬ್ಬಿಗೆ ಏನೋ ಆಯಿತು... ಮುಂದಿನ ಮೂರು ಚೆಂಡುಗಳ ಲೆಕ್ಕ ತಪ್ಪಿಹೋಯಿತು.

ಲಿಬ್ಬಿ ನೊವಾಟ್ನಿಗೆ ಆಗ ಇಪ್ಪತ್ತೊಂಬತ್ತು. ಅಮೆರಿಕದ ಐಯೋವಾ ರಾಜ್ಯದ ಕಿಯೊಕಕ್ ಊರಿನಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ, 'ಹೆರನ್ಸ್' ಎಂಬ ಚಿಕ್ಕ ಬೇಸ್‌ಬಾಲ್ ತಂಡವಿತ್ತು. ಆಟಗಾರರನ್ನು ತಯಾರು ಮಾಡಿ ದೊಡ್ಡ ಲೀಗಿನ ತಂಡಕ್ಕೆ ಕಳಿಸುವುದು ಅದರ ಕಸುಬು. ಅವರಲ್ಲಿ ಯಾರು ಹೇಗೆ ಆಡಿದರೆಂದು ಒಂದೊಂದು ಚೆಂಡನ್ನೂ ಗುರುತು ಹಾಕಿಡುವುದು ಲಿಬ್ಬಿಯ ಕೆಲಸ.

ಅವನ ಹೆಸರು ವೆಂಡೆಲ್ ಟಿಬ್ಸ್. ಅದೇ ನದಿಯ ಹೆಸರಿನ, ದಕ್ಷಿಣದ ಮಿಸಿಸಿಪ್ಪಿ ರಾಜ್ಯದವನು. ಮೈದಾನದ ಹಿಂಭಾಗದಲ್ಲಿ, ಎಡಗಡೆಯ ಮೂಲೆ ಕಾಯುವ ಔಟ್‌ಫೀಲ್ಡರ್. ಬಲಗಡೆಯ ಮೂಲೆ ಕಾಯುತ್ತಿದ್ದವನು ಡೊಮಿನಿಕನ್ ದೇಶದ ರಮೀರೊ ಕಿನ್ಯೋನೆಸ್. ಇಬ್ಬರಿಗೂ ಇಪ್ಪತ್ತೇಳು. ಇಬ್ಬರದೂ ಒಂದೇ ಎತ್ತರ, ಒಂದೇ ಬಗೆಯ ಎಸೆತ. ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ತಂಡದವರು ಅವರನ್ನು 'ಅವಳಿಗಳು' ಎಂದೇ ಕರೆಯುತ್ತಿದ್ದರು.

"ಟೀಚರಮ್ಮ," ಎಂದು ರಮೀರೊ, ಎಲ್ಲರಿಗೂ ಗುರುತು ಹಾಕುವ ಲಿಬ್ಬಿಯನ್ನು ರೇಗಿಸುತ್ತಿದ್ದ. "ಅವಳಿಗಳಲ್ಲಿ ಚೆಂದದವನನ್ನ ಬಿಟ್ಟು ಇವನ ಜೊತೆ ಯಾಕೆ ಓಡಾಡ್ತೀರಿ?"

"ನೀನು ಅನ್ನ ಬೇಯಿಸಿದ್ರೆ ತಳ ಹಿಡಿಸ್ತೀಯಂತೆ. ವೆಂಡೆಲ್ ಹೇಳಿದ."

"ತಳ ಹಿಡಿದ ಅನ್ನ ನಮ್ಮೂರಲ್ಲಿ ಜಗಳ ಆಡ್ಕೊಂಡು ತಿಂತಾರೆ. ಇವನಿಗೇನು ಗೊತ್ತು ರುಚಿ!"

ಮೇ ಮುಗಿಯುವಷ್ಟರಲ್ಲಿ ವೆಂಡೆಲ್ ಬಾಯಲ್ಲಿ 'ನೀವು' ಹೋಗಿ 'ನೀನು' ಆಯಿತು. ಆಟವಿಲ್ಲದ ಸೋಮವಾರಗಳಲ್ಲಿ ವೆಂಡೆಲ್ ಮತ್ತು ಲಿಬ್ಬಿ ನದಿಯ ಅಣೆಕಟ್ಟಿನ ಬಳಿ ಕೂತು ಕರಿದ ಮೀನು ತಿನ್ನುತ್ತಿದ್ದರು. ಅವನು ತಾಯಿಯ ಬಗ್ಗೆ ಹೇಳುತ್ತಿದ್ದ. ಶಾಲೆಯ ಬಸ್ಸು ಓಡಿಸಿ ಅವನನ್ನು ಬೆಳೆಸಿದವಳು. ಮಗ ಒಂದೇ ಒಂದು ದಿನವಾದರೂ ದೊಡ್ಡ ಲೀಗಿನಲ್ಲಿ ಆಡುವುದನ್ನು ನೋಡಬೇಕೆಂಬುದು ಆಕೆಯ ಆಸೆ.

ಜುಲೈ ತಿಂಗಳ ಅಂಥ ಒಂದು ಸೋಮವಾರ ವೆಂಡೆಲ್ ಪ್ಯಾಂಟು ಮಡಚಿ ಬಲ ಮೊಣಕಾಲು ತೋರಿಸಿದ. ಊದಿಕೊಂಡಿತ್ತು.

"ಯಾರಿಗೂ ಹೇಳಬೇಡ, ಲಿಬ್ಬಿ. ರಮೀರೊಗೂ ಗೊತ್ತಿಲ್ಲ. ಈ ಸೀಸನ್ ಒಂದು ಕಳೀಲಿ."

"ಡಾಕ್ಟರಿಗೆ ತೋರಿಸು."

"ತೋರಿಸಿದ ದಿನವೇ ನನ್ನ ಹೆಸರು ಹೊಡೆದುಹಾಕ್ತಾರೆ. ಮಾತು ಕೊಡು."

ಅವಳು ಮಾತು ಕೊಟ್ಟಳು.

ಆಗಸ್ಟ್ ಮೂರನೇ ವಾರ ತಂಡದ ಹಿರಿಯ ಮ್ಯಾನೇಜರ್ ಅರ್ಲೋ ಹ್ಯಾಸ್ಕೆಟ್ ಅವಳನ್ನು ಕರೆಸಿದರು.

"ಮೇಲಿನ ತಂಡಕ್ಕೆ ಒಬ್ಬ ಔಟ್‌ಫೀಲ್ಡರ್ ಬೇಕಂತೆ. ಟಿಬ್ಸ್ ಅಥವಾ ಕಿನ್ಯೋನೆಸ್. ಇನ್ನೊಬ್ಬನನ್ನ ತಂಡದಿಂದ ಬಿಡಬೇಕು, ಕೆಳಗಿನಿಂದ ಹುಡುಗರು ಬರ್ತಿದಾರೆ. ನನ್ನ ಕಣ್ಣಿಗೆ ಇಬ್ಬರೂ ಒಂದೇ. ಯಾರು ಹೆಚ್ಚು ಅಂತ ನೀನು ಬರೆದುಕೊಡು."

'ನನ್ನಿಂದ ಆಗಲ್ಲ, ನಾನು ವೆಂಡೆಲ್‌ನ ಪ್ರೀತಿಸ್ತೀನಿ' ಎಂಬ ಮಾತು ಲಿಬ್ಬಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

'ಬೇರೆಯವರು ಬರೆದರೆ ವೆಂಡೆಲ್‌ನ ಆಟ ಸರಿಯಾಗಿ ಕಾಣಲ್ಲ. ನಾನೇ ಬರೆದರೆ ಅವನು ಉಳೀತಾನೆ.'

ಮೂರು ದಿನ ಅವಳು ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಳು. ನೂರು ಸಲ ಬ್ಯಾಟ್ ಬೀಸಲು ನಿಂತರೆ ಇಬ್ಬರೂ ಹೆಚ್ಚುಕಡಿಮೆ ಇಪ್ಪತ್ತೆಂಟು ಸಲ ಗೆಲ್ಲುತ್ತಿದ್ದರು. ಬೇಲಿ ದಾಟಿಸಿದ ಹೊಡೆತಗಳು ಒಬ್ಬನದು ಹನ್ನೊಂದು, ಇನ್ನೊಬ್ಬನದು ಹತ್ತು. ಓಟ, ಎಸೆತ, ತಾಳ್ಮೆ... ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

ಉಳಿದದ್ದು ಒಂದೇ. ತಲೆಯ ಮೇಲಿಂದ ಹಾರಿಹೋಗುವ ಚೆಂಡಿಗೆ ಹಿಂದಕ್ಕೆ ಓಡುವುದು. ಜೂನ್‌ವರೆಗೆ ಇಬ್ಬರೂ ಹತ್ತರಲ್ಲಿ ಒಂಬತ್ತು ಹಿಡಿದಿದ್ದರು. ಜುಲೈನಿಂದೀಚೆಗೂ ರಮೀರೊ ಒಂಬತ್ತೇ ಹಿಡಿದಿದ್ದ.

ವೆಂಡೆಲ್ ಆರು.

ನಾಲ್ಕು ಸಲ ಬೇರೆ ಬೇರೆಯಾಗಿ ಎಣಿಸಿದಳು. ಆರೇ. ಅವಳು ತನ್ನ ಕೈಯಿಂದಲೇ ಗುರುತು ಹಾಕಿದ್ದ ಚೆಂಡುಗಳು ಅವು. ಅದನ್ನು ಬಿಟ್ಟು ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ರಮೀರೊಗೂ ಎಲ್ಲೋ ದೂರದಲ್ಲಿ ದಾರಿ ನೋಡುವ ತಾಯಿ ಇದ್ದಳಲ್ಲವೇ?

ಮೊಣಕಾಲಿನ ಸುದ್ದಿ ಎತ್ತಲಿಲ್ಲ. ಒಂದೇ ಸಾಲು ಬರೆದಳು: 'ಹಿಂದಕ್ಕೆ ಓಡಿ ಹಿಡಿಯುವುದರಲ್ಲಿ ಕಿನ್ಯೋನೆಸ್ ಹೆಚ್ಚು.'

ಹಾಳೆ ಕೊಟ್ಟು ಬಂದು, ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಳು.

ಮರುದಿನ ಮಧ್ಯಾಹ್ನ ವೆಂಡೆಲ್ ಹ್ಯಾಸ್ಕೆಟ್ ಕೋಣೆಯಿಂದ ಹೊರಬಂದವನು ನೇರವಾಗಿ ಕಾರು ನಿಲ್ಲಿಸುವ ಜಾಗಕ್ಕೆ ನಡೆದ. ಲಿಬ್ಬಿ ಅಲ್ಲಿಯೇ ಕಾಯುತ್ತಿದ್ದಳು.

"ಅರ್ಲೋ ಮೊದಲು ಕೇಳಿದ್ದೇ ಮೊಣಕಾಲು ಹೇಗಿದೆ ಅಂತ," ಅಂದ. ದನಿ ಏರಿಸಲಿಲ್ಲ. "ನಿನ್ನೊಬ್ಬಳಿಗೇ ಹೇಳಿದ್ದೆ, ಲಿಬ್ಬಿ."

'ನಾನು ಹೇಳಲಿಲ್ಲ' ಅನ್ನಬಹುದಿತ್ತು. ಆದರೆ ಅವನನ್ನು ಮನೆಗೆ ಕಳಿಸಿದ ಸಾಲು ಅವಳದೇ. ಯಾವ ಮುಖ ಇಟ್ಟುಕೊಂಡು ಹೇಳುವುದು?

"ಒಂದು ಮಾತಾದ್ರೂ ಆಡು."

ಅವಳು ಆಡಲಿಲ್ಲ.

"ನಮ್ಮಮ್ಮನಿಗೆ ಏನಂತ ಹೇಳಲಿ?" ಎಂದವನೇ ಚೀಲ ಹೆಗಲಿಗೇರಿಸಿದ. ಸಂಜೆಯ ಬಸ್ಸು ಅವನನ್ನು ದಕ್ಷಿಣಕ್ಕೆ ಕರೆದೊಯ್ದಿತು.

ಮುಂದಿನ ವರ್ಷಗಳಲ್ಲಿ ರಮೀರೊ ದೊಡ್ಡ ಲೀಗಿನಲ್ಲಿ ಒಟ್ಟು ನಲವತ್ತೊಂದು ಆಟ ಆಡಿದ. ಲಿಬ್ಬಿ ಒಂದನ್ನೂ ನೋಡಲಿಲ್ಲ. ಚಳಿಗಾಲ ಬಂತು, ಹೋಯಿತು. ಅವಳು ಅದೇ ಬಿಸಿಲಲ್ಲಿ ಕೂತು ಹೊಸ ಹುಡುಗರ ಗುರುತು ಹಾಕಿದಳು. ವೆಂಡೆಲ್‌ಗೆ ಬರೆದ ಪತ್ರಗಳನ್ನು ಕಳಿಸದೆ ಹರಿದಳು.

ಮೂರನೆಯ ವರ್ಷದ ಅಕ್ಟೋಬರಿನಲ್ಲಿ ರಮೀರೊ ಫೋನ್ ಮಾಡಿದ. ಈ ಸಲ ರೇಗಿಸಲಿಲ್ಲ.

"ಲಿಬ್ಬಿ, ವೆಂಡೆಲ್ ಅಮ್ಮ ಹೋಗಿಬಿಟ್ರು. ನಿನ್ನೆ ಮಣ್ಣು ಮಾಡಿ ಬಂದೆ. ಅವನು ಒಬ್ಬನೇ ಇದಾನೆ. ಹೋಗು."

"ಅವನಿಗೆ ನನ್ನ ಮುಖ ನೋಡೋಕೂ ಇಷ್ಟ ಇರಲ್ಲ, ರಮೀರೊ."

"ಅದನ್ನ ಅವನೇ ಹೇಳಲಿ. ನೀನು ಹೋಗು."

ಬೆಳಗಾಗುತ್ತಲೇ ಹೊರಟು, ಹತ್ತು ಗಂಟೆ ಕಾರು ಓಡಿಸಿ ಅವನ ಊರು ಸೇರಿದಳು. ಶಾಲೆಯ ಮೈದಾನದಲ್ಲಿ ವೆಂಡೆಲ್ ಹುಲ್ಲು ಕತ್ತರಿಸುತ್ತಿದ್ದ. ಅಲ್ಲಿಯೇ ಅವನಿಗೀಗ ಕೆಲಸ. ಬಲಗಾಲು ಎಳೆಯುತ್ತಿತ್ತು. ಅವಳನ್ನು ಕಂಡು ಯಂತ್ರ ನಿಲ್ಲಿಸಿದ.

"ಅಮ್ಮನ ಸುದ್ದಿ ಕೇಳಿದೆ," ಅಂದಳು ಲಿಬ್ಬಿ.

"ಕೊನೇವರೆಗೂ ಟಿ.ವಿ. ಮುಂದೆ ಕೂತು ರಮೀರೊ ಆಟ ನೋಡ್ತಿದ್ಲು. ನಮ್ಮ ಹುಡುಗ ಅಂತಿದ್ಲು."

ಇಬ್ಬರೂ ಮೈದಾನದ ಬದಿಯ ಬೆಂಚಿನ ಮೇಲೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ವೆಂಡೆಲ್... ಮೊಣಕಾಲಿನ ವಿಷಯ ನಾನು ಹೇಳಲಿಲ್ಲ."

"ಗೊತ್ತು. ಗೊತ್ತಾಗಿ ಒಂದು ವರ್ಷ ಆಯ್ತು. ಅರ್ಲೋ ರಿಟೈರಾಗೋವಾಗ ರಮೀರೊಗೆ ಹೇಳಿದ್ರಂತೆ. ನೀನು ಬರೆದಿದ್ದ ಸಾಲು ಓದಿ ಅವರೇ ಊಹಿಸಿದ್ದು."

"ಒಂದು ವರ್ಷ? ಮತ್ತೆ ಯಾಕೆ ಒಂದು ಫೋನ್ ಮಾಡಲಿಲ್ಲ?"

ಅವನು ಬೂಟಿಗೆ ಅಂಟಿದ್ದ ಹುಲ್ಲನ್ನು ಕೆರೆದು ತೆಗೆದ.

"ನೀನು ಮೋಸ ಮಾಡಿದೆ ಅಂದ್ಕೊಂಡಿದ್ದಾಗ ಸುಲಭ ಇತ್ತು. ನೀನು ಮಾಡಲಿಲ್ಲ ಅಂದ್ರೆ, ರಮೀರೊ ನನಗಿಂತ ಹೆಚ್ಚು ಅನ್ನೋದು ನಿಜ ಆಗುತ್ತೆ. ಅದನ್ನ ಒಪ್ಪಿಕೊಳ್ಳೋಕೆ ಇಷ್ಟು ದಿನ ಬೇಕಾಯ್ತು."

"ನಂದೂ ತಪ್ಪಿದೆ," ಲಿಬ್ಬಿಯ ಕಣ್ಣು ತುಂಬಿ ಹರಿಯಿತು. "ಬರೆಯಲ್ಲ ಅಂತ ಹೇಳಬೇಕಾಗಿತ್ತು. ನಿನ್ನ ಉಳಿಸ್ತೀನಿ ಅನ್ನೋ ಜಂಬ ನನಗೆ. ಆಮೇಲೆ ಬಾಯಿ ಬಿಟ್ಟು ನಿಜ ಹೇಳೋಕೂ ಧೈರ್ಯ ಬರಲಿಲ್ಲ. ನೀನು ಹೋದ ದಿನದಿಂದ ಒಂದು ದಿನಾನೂ ನಾನು ಸರಿಯಾಗಿಲ್ಲ, ವೆಂಡೆಲ್. ನಿನ್ನನ್ನ ಪ್ರೀತಿಸೋದು ನಿಲ್ಲಿಸೋಕೆ ಆಗಲೇ ಇಲ್ಲ."

ಅವನು ನಡುವಿನ ಜಾಗಕ್ಕೆ ಸರಿದು ಕೂತ. ಹುಲ್ಲಿನ ರಸ ಹತ್ತಿದ್ದ ಕೈಯಿಂದಲೇ ಅವಳ ಕೈ ಹಿಡಿದುಕೊಂಡ. ತಾಯಿಯನ್ನು ಮಣ್ಣು ಮಾಡಿದಾಗಲೂ ಅಳದವನು ಆಗ ಅತ್ತ. ಅವಳು ಅವನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

ಅಳು ನಿಂತ ಮೇಲೆ ಅವನು ಅಂದ, "ಡಿಸೆಂಬರ್‌ನಲ್ಲಿ ಕಾಲಿನ ಆಪರೇಷನ್ ಇದೆ. ಆಸ್ಪತ್ರೆಯವರು ಒಂದು ಫಾರಂ ಕೊಟ್ಟಿದಾರೆ. ಜೊತೆಗೆ ಇರೋರ ಹೆಸರು ಬೇಕಂತೆ. ಅಮ್ಮನ ಹೆಸರು ಬರೆದಿದ್ದೆ... ಈಗ ಖಾಲಿ."

"ನನ್ನ ಹೆಸರು ಬರಿ."

"ಪಕ್ಕದಲ್ಲಿ ಸಂಬಂಧ ಏನು ಅಂತ ಕೇಳಿದಾರೆ. ಅಲ್ಲಿ ಏನು ಬರೀಲಿ?"

ಲಿಬ್ಬಿ ಕಣ್ಣೊರೆಸಿಕೊಂಡಳು.

"ಹೆಂಡತಿ ಅಂತ ಬರಿ. ಡಿಸೆಂಬರ್‌ಗೆ ಇನ್ನೂ ಎರಡು ತಿಂಗಳಿದೆ."